ಐದನೆಯ ಸ್ಟೇಷನ್ನಿನ ಕಾಡು



ಕಂಪ್ಯೂಟರಿನ ಮುಂದೆ ಕುಳಿತು ರಾಷ್ಟ್ರೀಯ ಉದ್ಯಾನ ನಡೆಸುವ ಆಟಗಳು ಹೊಸದೇನಲ್ಲ. ಅಮೆರಿಕದ ಮ್ಯಾಕ್ಸಿಸ್ ಕಂಪನಿಯವರು 1996ರಲ್ಲೇ ಮಕ್ಕಳಿಗೆಂದು 'ಸಿಮ್‌ಪಾರ್ಕ್' ಎಂಬ ಆಟ ತಂದಿದ್ದರು. ಅದರಲ್ಲಿ ಉತ್ತರ ಅಮೆರಿಕದ ಒಂದು ಉದ್ಯಾನದ ಉಸ್ತುವಾರಿ ನಿಮ್ಮದು. ಯಾವ ಗಿಡ ನೆಡಬೇಕು, ಯಾವ ಪ್ರಾಣಿ ಬಿಡಬೇಕು ಎಂದು ನೀವೇ ತೀರ್ಮಾನಿಸಬೇಕು. 1998ರಲ್ಲಿ ಅವರೇ 'ಸಿಮ್‌ಸಫಾರಿ' ತಂದರು. ಅದು ಆಫ್ರಿಕದ ಕಾಡು. ನಮ್ಮ ಪಲ್ಲಾವರದ ಮನೆಗೆ ಮೊದಲ ಕಂಪ್ಯೂಟರ್ ಬಂದಾಗ ಮಗನಿಗೆಂದು ತಂದ ಸಿಡಿಗಳಲ್ಲಿ ಇದೂ ಒಂದು. ಅವನು ಶಾಲೆಗೆ ಹೋದ ಮೇಲೆ, ಮಧ್ಯಾಹ್ನದ ಪಾತ್ರೆಗಳನ್ನು ತೊಳೆದಿಟ್ಟು, ಆ ಕಾಡನ್ನು ಆಳುತ್ತಿದ್ದವಳು ಮಾತ್ರ ನಾನು! ಈಗಿನ ಕಂಪ್ಯೂಟರುಗಳಲ್ಲಿ ಅದು ಸುಲಭವಾಗಿ ಓಡುವುದಿಲ್ಲ. ಆದರೂ ಆ ಆಟ ನನ್ನನ್ನು ನಮ್ಮ ಊರಿನ ಸುತ್ತಮುತ್ತ ಎಲ್ಲೆಲ್ಲಿಗೆ ಕರೆದುಕೊಂಡು ಹೋಯಿತು ಎಂಬುದನ್ನು ನಿಮಗೆ ಹೇಳಬೇಕೆನಿಸಿದೆ.

ಆಟ ಒಳ್ಳೆಯದೇ. ಹುಲ್ಲು ತಿನ್ನುವ ಪ್ರಾಣಿ ಹೆಚ್ಚಾದರೆ ಹುಲ್ಲು ಸಾಲದು, ಸಿಂಹ ಹೆಚ್ಚಾದರೆ ಜೀಬ್ರಾ ಉಳಿಯದು ಎಂಬ ಲೆಕ್ಕವನ್ನು ಪಠ್ಯಪುಸ್ತಕಕ್ಕಿಂತ ಚೆನ್ನಾಗಿ ಕಲಿಸುತ್ತಿತ್ತು. ಆಟದಲ್ಲಿ ಮೂರು ಜಾಗಗಳು: ಒಂದು ಕಾಡು, ಒಂದು ಪ್ರವಾಸಿಗಳ ಕ್ಯಾಂಪು, ಪಕ್ಕದಲ್ಲೇ ಒಂದು ಹಳ್ಳಿ. ಮೂರೂ ಚೆನ್ನಾಗಿದ್ದರೆ ಮಾತ್ರ ಗೆಲುವು. ಹಳ್ಳಿಯನ್ನು ಸೇರಿಸಿದ್ದು ಆಟ ಮಾಡಿದವರ ಜಾಣತನ ಎಂದೇ ನನ್ನ ಅಭಿಪ್ರಾಯ. ಆದರೆ ಆ ಹಳ್ಳಿಯಿಂದ ಕಾಡಿಗೆ, ಕ್ಯಾಂಪಿಗೆ ಬರುವುದು ಕೆಲಸದ ಆಳುಗಳು ಮಾತ್ರ. ಕಾಡಿನ ವಿಷಯ ಅವರಿಗೆ ಏನು ಗೊತ್ತು ಎಂದು ಕೇಳಲು ಯಾವ ಬಟನ್ನೂ ಇರಲಿಲ್ಲ. ಗೊತ್ತಿರುವವರು ನೀವು, ಆಕಾಶದಿಂದ ನೋಡುವವರೂ ನೀವು. ಇದು ನನಗೆ ಅಂದೇ ಸ್ವಲ್ಪ ಕೊರೆಯುತ್ತಿತ್ತು.

ನಿಜವಾದ ರಾಷ್ಟ್ರೀಯ ಉದ್ಯಾನ ನೋಡಲು ನಮಗೆ ಆಫ್ರಿಕ ಬೇಕಾಗಿಲ್ಲ. ಪಲ್ಲಾವರದಲ್ಲಿ ಬೀಚ್ ಕಡೆಗೆ ಹೋಗುವ ಲೋಕಲ್ ಹತ್ತಿ. ತಿರುಸೂಲಂ, ಮೀನಂಬಾಕ್ಕಂ, ಪಳವಂತಾಂಗಲ್, ಸೇಂಟ್ ಥಾಮಸ್ ಮೌಂಟ್ ಆದ ಮೇಲೆ ಐದನೆಯದು ಗಿಂಡಿ. ಅಲ್ಲಿಂದ ಬಸ್ಸಿನಲ್ಲೋ ಆಟೋದಲ್ಲೋ ಸರ್ದಾರ್ ಪಟೇಲ್ ರಸ್ತೆಗೆ ಹೋದರೆ ಗಿಂಡಿ ರಾಷ್ಟ್ರೀಯ ಉದ್ಯಾನ. ನಗರದೊಳಗೇ ಇರುವ ರಾಷ್ಟ್ರೀಯ ಉದ್ಯಾನಗಳು ನಮ್ಮ ದೇಶದಲ್ಲಿ ಬೆರಳೆಣಿಕೆಯಷ್ಟು. ಅವುಗಳಲ್ಲಿ ಇದೊಂದು, ಅದೂ ಬಹಳ ಚಿಕ್ಕದು. ವಿಸ್ತೀರ್ಣ 2.7 ಚದರ ಕಿಲೋಮೀಟರ್ ಅಷ್ಟೆ. ಮೊದಲು ಇದೆಲ್ಲ ಗವರ್ನರರ ಎಸ್ಟೇಟಿನ ಕಾಡು. ಅದರಲ್ಲೇ ಒಂದು ದೊಡ್ಡ ಭಾಗ 1959ರಲ್ಲಿ ಶುರುವಾದ ಐಐಟಿಗೆ ಹೋಯಿತು. ಗಾಂಧಿ ಮಂಟಪ, ರಾಜಾಜಿ, ಕಾಮರಾಜರ ಸ್ಮಾರಕಗಳಿಗೂ ಸ್ವಲ್ಪ ಸ್ವಲ್ಪ ಹೋಯಿತು. ಉಳಿದದ್ದು 1978ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. ಐಐಟಿಯಲ್ಲಿ ಓದಿದ ಹುಡುಗರನ್ನು ಕೇಳಿ ನೋಡಿ, ಹಾಸ್ಟೆಲಿನ ಹತ್ತಿರ ಜಿಂಕೆ ಕಂಡದ್ದನ್ನು ಹೇಳದವರಿಲ್ಲ.

ಒಳಗಿನ ಕಾಡಿಗೆ ಸಾರ್ವಜನಿಕರನ್ನು ಹಾಗೇ ಬಿಡುವುದಿಲ್ಲ, ಬಿಡಬಾರದು ಕೂಡ. ನಮಗೆ ತೆರೆದಿರುವುದು ಅಂಚಿನಲ್ಲಿರುವ ಮಕ್ಕಳ ಉದ್ಯಾನ ಮತ್ತು ಹಾವಿನ ಉದ್ಯಾನ. ಬೇಸರ ಬೇಡ. ಈ ಕಾಡಿನ ಮುಖ್ಯ ಕಥೆ ತಿಳಿಯಲು ಎರಡು ಪ್ರಾಣಿಗಳ ಹೆಸರು ಸಾಕು.

ಇಲ್ಲಿರುವ ಜಿಂಕೆಯಂಥ ಪ್ರಾಣಿಗಳು ಎರಡು. ಒಂದು ಚುಕ್ಕೆ ಜಿಂಕೆ. ತಮಿಳಿನವರು ಪುಳ್ಳಿಮಾನ್ ಎನ್ನುತ್ತಾರೆ. ಇನ್ನೊಂದು ಕೃಷ್ಣಮೃಗ. ಗಂಡಿನ ಬೆನ್ನು ಕಪ್ಪು, ಹೊಟ್ಟೆ ಬಿಳಿ, ತಿರುಚಿದ ಕೊಂಬು. ನಾವು ಕನ್ನಡದಲ್ಲಿ ಅದರ ಬಣ್ಣ ನೋಡಿ ಹೆಸರಿಟ್ಟೆವು. ತಮಿಳಿನಲ್ಲಿ ಅದು ವೆಳಿಮಾನ್. 'ವೆಳಿ' ಎಂದರೆ ಬಯಲು. ಬಯಲಿನ ಜಿಂಕೆ! ಹೆಸರಿನಲ್ಲೇ ಮನೆಯ ವಿಳಾಸ ಇದೆ. ಕೃಷ್ಣಮೃಗ ಅಡಗಿ ಬದುಕುವ ಪ್ರಾಣಿಯಲ್ಲ, ದೂರದಿಂದಲೇ ಶತ್ರುವನ್ನು ಕಂಡು ಓಡಿ ಬದುಕುವಂಥದ್ದು. ಅದಕ್ಕೆ ತೆರೆದ ಹುಲ್ಲುಗಾವಲು ಬೇಕು. ಚುಕ್ಕೆ ಜಿಂಕೆಗೆ ಮರ, ಪೊದೆ, ನೆರಳು ಇದ್ದರೂ ಆಗುತ್ತದೆ. ಹೀಗಾಗಿ ಬಯಲು ಕಡಿಮೆಯಾಗಿ ಗಿಡಮರ ದಟ್ಟವಾದಂತೆ ಚುಕ್ಕೆ ಜಿಂಕೆಗೆ ಅನುಕೂಲ, ಕೃಷ್ಣಮೃಗಕ್ಕೆ ಕಷ್ಟ. ಗಿಂಡಿಯಲ್ಲಿ ಚುಕ್ಕೆ ಜಿಂಕೆಗಳೇ ಬಹಳ ಹೆಚ್ಚು. ನಮ್ಮ ಶಾಲೆಗಳಲ್ಲಿ ವನಮಹೋತ್ಸವ ಎಂದರೆ ಎಲ್ಲಿ ಜಾಗ ಕಂಡರೂ ಸಸಿ ನೆಡುವುದೆಂದೇ ಕಲಿಸುತ್ತಾರೆ. ಹುಲ್ಲುಗಾವಲಿನ ನಡುವೆ ಒಂದು ತೋಪು ಎಬ್ಬಿಸಿದರೆ ಒಂದು ಪ್ರಾಣಿಯ ಮನೆಗೆ ಗೋಡೆ ಕಟ್ಟಿದಂತೆ ಎಂದು ಯಾರೂ ಹೇಳುವುದಿಲ್ಲ. ಕರ್ನಾಟಕದ ಹಾವೇರಿ ಜಿಲ್ಲೆಯ ರಾಣೆಬೆನ್ನೂರಿನಲ್ಲಿ 1974ರಲ್ಲಿ ಕೃಷ್ಣಮೃಗಕ್ಕೆಂದೇ ಅಭಯಾರಣ್ಯ ಮಾಡಿದರು. ಅಲ್ಲೂ ಎಷ್ಟೋ ಬಯಲಿನಲ್ಲಿ ನೀಲಗಿರಿ ಮರ ನೆಟ್ಟಿದ್ದರು. ಮೃಗಗಳು ಸುತ್ತಲಿನ ಹೊಲಗಳಿಗೆ ಹೋಗುತ್ತವೆ, ರೈತರು ಬೈದುಕೊಳ್ಳುತ್ತಾರೆ. ಪಾಪ, ಯಾರನ್ನು ಏನೆನ್ನುವುದು!

ಹೆಸರಿನ ಮಾತು ಬಂದಾಗ ಒಂದು ಸಣ್ಣ ವಿಷಯ. ನೀವು ಇಲ್ಲೇ ಹುಟ್ಟಿ ಬೆಳೆದವರು. ಬೀದಿಯಲ್ಲಿ ತಮಿಳು, ಶಾಲೆಯಲ್ಲಿ ಇಂಗ್ಲಿಷು, ಮನೆಯಲ್ಲಿ ಅಮ್ಮನ ಒತ್ತಾಯಕ್ಕೆ ಕನ್ನಡ. ಪ್ರಾಣಿಗಳ ಕನ್ನಡ ಹೆಸರು ಬರುವುದಿಲ್ಲ ಎನ್ನುತ್ತೀರಿ. ಆದರೆ ತಮಿಳು ಬಂದರೆ ಅರ್ಧ ಕನ್ನಡ ಬಂದಂತೆಯೇ. ತಮಿಳಿನ 'ಪ' ನಮ್ಮಲ್ಲಿ 'ಹ' ಆಗುತ್ತದೆ. ಪುಲಿ ಹುಲಿಯಾಗುತ್ತದೆ, ಪನ್ರಿ ಹಂದಿಯಾಗುತ್ತದೆ, ಪಾಂಬು ಹಾವಾಗುತ್ತದೆ. ಮುಳ್ಳಂಪನ್ರಿ ನಮ್ಮ ಮುಳ್ಳುಹಂದಿ. ನಮ್ಮ ಮಗ ಈ ಸೂತ್ರ ಹಿಡಿದುಕೊಂಡು ಪಲ್ಲಾವರವನ್ನು 'ಹಲ್ಲಾವರ' ಮಾಡಿ ವಾರವಿಡೀ ನಗಿಸಿದ್ದ!

ಈಗ ಹಾವಿನ ಉದ್ಯಾನಕ್ಕೆ ಬನ್ನಿ. ನನಗೆ ಗಿಂಡಿಯಲ್ಲಿ ಅತಿ ಮುಖ್ಯ ಎನಿಸುವುದು ಇದೇ. ರೋಮ್ಯುಲಸ್ ವಿಟಕರ್ ಎಂಬುವರು 1972ರಲ್ಲಿ ಇದನ್ನು ಇಲ್ಲಿ ಸ್ಥಾಪಿಸಿದರು. ಅವರು ಹುಟ್ಟಿದ್ದು ಅಮೆರಿಕದಲ್ಲಿ, ಬೆಳೆದದ್ದು ನಮ್ಮ ದೇಶದಲ್ಲಿ. ಅವರಿಗೆ ಹಾವು ಹುಡುಕುವ ನಿಜವಾದ ವಿದ್ಯೆ ಸಿಕ್ಕಿದ್ದು ಚೆಂಗಲ್ಪಟ್ಟು ಸುತ್ತಲಿನ ಇರುಳರಿಂದ. ಇರುಳ ಎಂದರೆ ನಿಮಗೆ ಅರ್ಥವಾಗಬೇಕು, ಇರುಳು ನಮ್ಮ ಮಾತೂ ಹೌದು. ಕರ್ನಾಟಕದಲ್ಲೂ ರಾಮನಗರ, ಮಾಗಡಿ, ಕನಕಪುರ ಕಡೆಯ ಕಾಡಂಚಿನಲ್ಲಿ ಇರುಳಿಗರಿದ್ದಾರೆ.

ಇರುಳರು ಹಾವನ್ನು ಹುಡುಕುವುದು ನೆಲ ನೋಡಿ. ಮಣ್ಣಿನ ಮೇಲೆ ಹರಿದ ಗುರುತು, ಬಿಲದ ಬಾಯಿಯ ನುಣುಪು, ಉದುರಿದ ಪೊರೆ, ಹಿಕ್ಕೆ, ಇಷ್ಟರಿಂದಲೇ ಒಳಗೆ ಹಾವಿದೆಯೇ ಇಲಿ ಇದೆಯೇ, ಇರುವುದು ಯಾವ ಹಾವು ಎಂದು ಹೇಳುತ್ತಾರೆ. ಕೈಯಲ್ಲಿ ಒಂದು ಹಾರೆ, ಒಂದು ಚೀಲ. ಒಂದು ಕಾಲದಲ್ಲಿ ಅವರ ಜೀವನ ನಡೆಯುತ್ತಿದ್ದದ್ದು ಹಾವಿನ ಚರ್ಮ ಮಾರಿ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಮತ್ತು ಅದರ ಹಿಂದೆಯೇ ಬಂದ ನಿಷೇಧಗಳಿಂದ ಆ ವ್ಯಾಪಾರ ನಿಂತಿತು. ಹಾವುಗಳಿಗೆ ಒಳ್ಳೆಯದಾಯಿತು, ಸರಿ. ಆದರೆ ಈ ಜನ ಹೊಟ್ಟೆಗೆ ಏನು ಮಾಡಬೇಕು? 1978ರಲ್ಲಿ ಅವರದೇ ಒಂದು ಸಹಕಾರ ಸಂಘ ಆಯಿತು. ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ, ಈ ನಾಲ್ಕನ್ನು ಪರವಾನಗಿಯಂತೆ ಹಿಡಿದು, ಕೆಲವು ವಾರ ಇಟ್ಟುಕೊಂಡು ವಿಷ ತೆಗೆದು, ಮತ್ತೆ ಬಯಲಿಗೆ ಬಿಟ್ಟುಬಿಡುವುದು. ಆ ವಿಷದಿಂದ ಹಾವು ಕಡಿತಕ್ಕೆ ಔಷಧ ತಯಾರಾಗುತ್ತದೆ. ಮಹಾಬಲಿಪುರದ ದಾರಿಯಲ್ಲಿ ವಡನೆಮ್ಮೇಲಿಯ ಮೊಸಳೆ ಉದ್ಯಾನದಲ್ಲಿ ವಿಷ ತೆಗೆಯುವುದನ್ನು ನೋಡಬಹುದು. ಹಾವು ಬದುಕಿತು, ಹಾವು ಕಡಿದವನು ಬದುಕಿದ, ಹಾವು ಹಿಡಿಯುವವನೂ ಬದುಕಿದ. ಸಿಮ್‌ಸಫಾರಿ ಮಾಡಿದವರಿಗೆ ಇದನ್ನು ತೋರಿಸಬೇಕಿತ್ತು ಎಂದು ನನಗೆ ಎಷ್ಟೋ ಸಲ ಅನಿಸಿದೆ.

ತೋರಿಸಿದ ಹಾಗೇ ಆಯಿತು ಅನ್ನಿ. ಫ್ಲಾರಿಡಾದ ಎವರ್‌ಗ್ಲೇಡ್ಸ್ ಅಮೆರಿಕದ ಪ್ರಸಿದ್ಧ ರಾಷ್ಟ್ರೀಯ ಉದ್ಯಾನ. ಸಾಕಲು ತಂದ ಬರ್ಮಾ ಹೆಬ್ಬಾವುಗಳು ಅಲ್ಲಿನ ಕಾಡು ಸೇರಿ, ಮರಿ ಮಾಡಿ, ಸಣ್ಣ ಪ್ರಾಣಿಗಳನ್ನೆಲ್ಲ ತಿಂದು ಹಾಕುತ್ತಿದ್ದವು. 2016ರಲ್ಲಿ ಹೆಬ್ಬಾವು ಹಿಡಿಯುವ ಸ್ಪರ್ಧೆ ಇಟ್ಟರು. ಸಾವಿರಕ್ಕೂ ಹೆಚ್ಚು ಜನ ಒಂದು ತಿಂಗಳು ಹುಡುಕಿ ತಂದದ್ದು 106. ಮರುವರ್ಷ, 2017ರ ಜನವರಿಯಲ್ಲಿ, ನಮ್ಮ ಇರುಳರಾದ ಮಾಸಿ ಸಡೈಯನ್ ಮತ್ತು ವಡಿವೇಲ್ ಗೋಪಾಲ್ ಅವರನ್ನು ಕರೆಸಿಕೊಂಡರು. ಅವರು ಎರಡು ವಾರದೊಳಗೆ 13 ಹೆಬ್ಬಾವು ಹಿಡಿದರು. ಅದರಲ್ಲಿ ಒಂದು 16 ಅಡಿಯ ಹೆಣ್ಣು. ಜೊತೆಗೆ ಭಾಷಾಂತರಕಾರರು ಹೋಗಿದ್ದರು, ಇಂಗ್ಲಿಷ್ ಅವರಿಗೆ ಅಡ್ಡಿಯಾಗಲಿಲ್ಲ. 2023ರಲ್ಲಿ ಇಬ್ಬರಿಗೂ ಪದ್ಮಶ್ರೀ ಬಂತು. ಕಾನ್ವೆಂಟಿನ ಮಾರ್ಕ್ಸ್ ಕಾರ್ಡ್ ಹಿಡಿದು ಮಕ್ಕಳನ್ನು ಅಳೆಯುವ ನಮ್ಮಂಥ ತಾಯಂದಿರು ಈ ಸುದ್ದಿಯನ್ನು ಕತ್ತರಿಸಿ ಗೋಡೆಗೆ ಅಂಟಿಸಿಕೊಳ್ಳಬೇಕು.

ಇದು ತಮಿಳುನಾಡಿನ ಕಥೆ ಮಾತ್ರ ಎಂದುಕೊಳ್ಳಬೇಡಿ. ಚಾಮರಾಜನಗರದ ಬಿಳಿಗಿರಿರಂಗನ ಬೆಟ್ಟಕ್ಕೆ ನೀವು ರಂಗನಾಥನ ದರ್ಶನಕ್ಕೆ ಹೋಗಿರಬಹುದು. ಅಲ್ಲಿನ ಸೋಲಿಗರು 'ತರಗು ಬೆಂಕಿ' ಎಂಬ ಒಂದು ಪದ್ಧತಿ ಇಟ್ಟುಕೊಂಡಿದ್ದರು. ಕಾಡಿನ ತರಗೆಲೆಗೆ ಸರಿಯಾದ ಕಾಲದಲ್ಲಿ ಸಣ್ಣ ಬೆಂಕಿ ಹಾಕುವುದು. ನೆಲದ ಕಸ ಮಾತ್ರ ಸುಟ್ಟು ಹುಲ್ಲು ಚಿಗುರುತ್ತಿತ್ತು. ಕಾಡಿಗೆ ಬೆಂಕಿ ಎಂದರೆ ಅಪರಾಧ ಎಂದು ಇಲಾಖೆ ಅದನ್ನು ನಿಲ್ಲಿಸಿತು. ಅಮೆರಿಕದವರೂ 1944ರಿಂದ 'ಸ್ಮೋಕಿ' ಎಂಬ ಕರಡಿಯ ಚಿತ್ರ ಹಾಕಿ ಇದನ್ನೇ ಬೋಧಿಸಿದ್ದರು. ಮುಂದೆ ಅವರೇ ತಮ್ಮ ಉದ್ಯಾನಗಳಲ್ಲಿ ಬೇಕೆಂದೇ ಸಣ್ಣ ಬೆಂಕಿ ಹಾಕಲು ಕಲಿತರು. ಇತ್ತ ಬಿಳಿಗಿರಿಯಲ್ಲಿ ಲಂಟಾನ ಪೊದೆ ಆಳೆತ್ತರ ಬೆಳೆದು ಹುಲ್ಲನ್ನೂ ಸಸಿಗಳನ್ನೂ ಮುಚ್ಚಿಬಿಟ್ಟಿತು. ತರಗು ಬೆಂಕಿ ನಿಂತದ್ದೇ ಇದಕ್ಕೆ ಕಾರಣ ಎಂದು ಸೋಲಿಗರು ಹೇಳುತ್ತಾರೆ. ಬೆಂಗಳೂರಿನ ವಿಜ್ಞಾನಿಗಳು ಅವರ ಮಾತನ್ನು ಕೇಳಿ ಬರೆದುಕೊಂಡು ಪ್ರಕಟಿಸಿಯೂ ಇದ್ದಾರೆ. ಆ ಬೆಟ್ಟ ಹುಲಿ ಸಂರಕ್ಷಿತ ಪ್ರದೇಶವಾದ ಮೇಲೆ, 2011ರಲ್ಲಿ, ಜೇನು, ನೆಲ್ಲಿಕಾಯಿ ಮುಂತಾದವುಗಳ ಮೇಲೆ ಸೋಲಿಗರ ಹಳ್ಳಿಗಳಿಗೆ ಸಮುದಾಯದ ಹಕ್ಕನ್ನು ಕಾನೂನಿನ ಪ್ರಕಾರ ಕೊಟ್ಟರು.

ಹಾಗೆಂದು ಅರಣ್ಯ ಇಲಾಖೆಯವರನ್ನು ಹಳಿಯಲು ನನಗೆ ಮನಸ್ಸಿಲ್ಲ. ನಮ್ಮಲ್ಲಿ ರೇಂಜರ್ ಎಂದರೆ ವಲಯ ಅರಣ್ಯಾಧಿಕಾರಿ. ಅವರ ಕೆಳಗೆ ಫಾರೆಸ್ಟರು, ಗಾರ್ಡು, ಕೊನೆಯಲ್ಲಿ ವಾಚರು. ವಾಚರುಗಳಲ್ಲಿ ಅನೇಕರು ಕಾಡಿನ ಹಾಡಿಗಳಿಂದಲೇ ಬಂದವರು. ಜನವರಿ ಬಂತೆಂದರೆ ಬೆಂಕಿ ರೇಖೆ ಕಡಿಯುವವರು, ರಾತ್ರಿ ಆನೆ ದಾರಿಯಲ್ಲಿ ಗಸ್ತು ತಿರುಗುವವರು ಇವರೇ. 2019ರ ಫೆಬ್ರವರಿಯಲ್ಲಿ ಬಂಡೀಪುರಕ್ಕೆ ಬೆಂಕಿ ಬಿದ್ದಾಗ ಸೊಪ್ಪಿನ ಕೊಂಬೆ ಹಿಡಿದು ಬಡಿದು ಆರಿಸಿದವರೂ ಇವರೇ. ನಿಮ್ಮಲ್ಲಿ ಯಾರಿಗಾದರೂ ಅರಣ್ಯ ಸೇವೆಗೆ ಸೇರುವ ಮನಸ್ಸಿದ್ದರೆ ಖಂಡಿತ ಪರೀಕ್ಷೆ ಬರೆಯಿರಿ. ಮೊದಲ ಪೋಸ್ಟಿಂಗಿನಲ್ಲಿ ವಾಚರನ ಹಿಂದೆ ನಡೆಯಿರಿ, ಮುಂದೆ ಬೇಡ.

ನೆಲ ನೋಡುವ ಅಭ್ಯಾಸವನ್ನು ಮಾತ್ರ ಇಂದೇ ಶುರು ಮಾಡಬಹುದು. ಅದಕ್ಕೆ ನಮ್ಮ ಪಲ್ಲಾವರಕ್ಕಿಂತ ಹೆಸರುವಾಸಿ ಜಾಗ ಬೇರೆ ಇಲ್ಲ! 1863ರ ಮೇ 30ರಂದು ರಾಬರ್ಟ್ ಬ್ರೂಸ್ ಫೂಟ್ ಎಂಬ ಭೂವಿಜ್ಞಾನಿ ಇಲ್ಲಿನ ಜಲ್ಲಿ ಮಣ್ಣಿನಲ್ಲಿ ಒಂದು ಕಲ್ಲು ಎತ್ತಿಕೊಂಡು ನೋಡಿದರು. ಅದು ಹಳೆ ಶಿಲಾಯುಗದ ಮನುಷ್ಯ ಕೆತ್ತಿದ ಆಯುಧ. ಭಾರತದಲ್ಲಿ ಹಾಗೆ ಗುರುತಿಸಿದ್ದು ಅದೇ ಮೊದಲು. ಇದೇ ಫೂಟ್ ಮುಂದೆ ನಮ್ಮ ಬಳ್ಳಾರಿ ಜಿಲ್ಲೆಯನ್ನೂ ಕಾಲ್ನಡಿಗೆಯಲ್ಲಿ, ಕುದುರೆ ಮೇಲೆ ಸುತ್ತಿ ಎಷ್ಟೋ ಕಂಡುಹಿಡಿದರು. ದಿನಾ ಆ ಮಣ್ಣಿನ ಮೇಲೆ ಎಷ್ಟು ಜನ ನಡೆದಿದ್ದರೋ!

ಇನ್ನೊಂದು ಜಾಗ ಹೇಳಿ ಮುಗಿಸುತ್ತೇನೆ. ಪಲ್ಲಾವರದಿಂದ ತೊರೈಪ್ಪಾಕ್ಕಂಗೆ ಹೋಗುವ ರೇಡಿಯಲ್ ರಸ್ತೆಯಲ್ಲಿ ನಿಮ್ಮಲ್ಲಿ ಎಷ್ಟೋ ಜನ ದಿನಾ ಕಂಪನಿ ಬಸ್ಸಿನಲ್ಲಿ ನಿದ್ದೆ ಮಾಡುತ್ತ ಹೋಗುತ್ತೀರಿ. ಆ ರಸ್ತೆ ಪಳ್ಳಿಕರಣೈ ಜೌಗು ಭೂಮಿಯ ಮಧ್ಯದಲ್ಲೇ ಹಾದುಹೋಗುತ್ತದೆ. ಒಂದು ಕಡೆ ಊರಿನ ಕಸ ಸುರಿದ ಪೆರುಂಗುಡಿ, ಸುತ್ತ ಕಟ್ಟಡಗಳು, ನಡುವೆ ನೀರು. 2022ರಲ್ಲಿ ಅದಕ್ಕೆ ರಾಮ್ಸಾರ್ ಮಾನ್ಯತೆ ಬಂತು, ಅಂದರೆ ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ಪಟ್ಟಿಯಲ್ಲಿ ಸೇರಿತು. ಚಳಿಗಾಲದಲ್ಲಿ ರಾಜಹಂಸಗಳು, ಹೆಜ್ಜಾರ್ಲೆಗಳು, ಬಾತುಗಳು ಇಳಿಯುತ್ತವೆ. ಡಿಸೆಂಬರ್ ಕಳೆದ ಮೇಲೆ ಒಂದು ಭಾನುವಾರ ಬೆಳಿಗ್ಗೆ ಆರೂವರೆಗೆ ಹೋಗಿ. ಬೈನಾಕ್ಯುಲರ್ ಇದ್ದರೆ ಒಳ್ಳೆಯದು, ಇಲ್ಲದಿದ್ದರೂ ಗುಲಾಬಿ ಬಣ್ಣ ದೂರಕ್ಕೇ ಕಾಣುತ್ತದೆ. ಸ್ಕೂಟರನ್ನು ರಸ್ತೆಯ ಮಧ್ಯದಲ್ಲಿ ನಿಲ್ಲಿಸಬೇಡಿ, ಹಿಂದೆ ಲಾರಿಗಳು ಬರುತ್ತಿರುತ್ತವೆ. ದಂಡೆಯಲ್ಲಿ ಬಲೆ ಬೀಸುವವರು ಯಾರಾದರೂ ಸಿಕ್ಕರೆ ಯಾವ ಹಕ್ಕಿ ಯಾವಾಗ ಬಂತು ಎಂದು ಕೇಳಿ. ತಮಿಳಿನಲ್ಲೇ ಕೇಳಿ, ಹೆಸರುಗಳನ್ನು ಬರೆದುಕೊಂಡು ಬನ್ನಿ. ಕನ್ನಡದ ಹೆಸರು ಹುಡುಕಲು ನಾನಿದ್ದೇನೆ.