ಹದಿನೈದು, ಹದಿನಾಲ್ಕು

1991ರಲ್ಲಿ ಹಾಸನಾಂಬೆಯ ಜಾತ್ರೆಗೆ ಹೋದಾಗ ಮಗಳಿಗೆಂದು ಪ್ಲಾಸ್ಟಿಕ್ಕಿನ ಅಂಕಿಯಾಟವೊಂದನ್ನು ಕೊಂಡಿದ್ದೆ. ನಾಲ್ಕು ಸಾಲು, ಸಾಲಿಗೆ ನಾಲ್ಕು ಮನೆ. 1ರಿಂದ 15ರವರೆಗೆ ಬಿಲ್ಲೆಗಳು, ಒಂದು ಮನೆ ಖಾಲಿ. ಬಿಲ್ಲೆಗಳನ್ನು ಸರಿಸುತ್ತ ಕ್ರಮವಾಗಿ ಜೋಡಿಸಬೇಕು. ನಿಮ್ಮಲ್ಲಿ ಅನೇಕರು ಆಡಿರುವಿರಿ.

ಆಗ ನಾನು ಹೊಳೆನರಸೀಪುರದಲ್ಲಿ ಗಣಿತ ಬೋಧಿಸುತ್ತಿದ್ದೆ. ಆಟವನ್ನು ಒಂಬತ್ತನೆಯ ತರಗತಿಗೆ ಒಯ್ದು, ಮೊದಲು ಜೋಡಿಸಿದವರಿಗೆ ಇಂಕ್ ಪೆನ್ನು ಕೊಡುವೆನೆಂದೆ. ಅರಕಲಗೂಡು ಕಡೆಯ ಹಳ್ಳಿಯಿಂದ ಬರುತ್ತಿದ್ದ ಹುಡುಗನೊಬ್ಬ ವಾರವಿಡೀ ಅದನ್ನೇ ಹಿಡಿದು ಕುಳಿತ. ಪ್ರತಿ ಬಾರಿಯೂ 13ರವರೆಗೆ ಸರಿಯಾಗಿ ಬಂದು, ಕೊನೆಗೆ 15, 14 ಎಂದು ನಿಲ್ಲುತ್ತಿತ್ತು.

“ಎಷ್ಟು ಮಾಡಿದರೂ ಇದು ಆಗೋದೇ ಇಲ್ಲ ಸಾರ್” ಎಂದ.

“ಕುಣಿಯಲಾರದವಳು ನೆಲ ಡೊಂಕು ಅಂದಳಂತೆ” ಎಂದೆ. ತರಗತಿಯೆಲ್ಲ ನಕ್ಕಿತು. ಅವನು ಆಟವನ್ನು ಮೇಜಿನ ಮೇಲಿಟ್ಟು ಹೋದ. ಆಮೇಲೆ ನನ್ನ ಪಾಠದಲ್ಲಿ ಅವನು ಒಂದು ಪ್ರಶ್ನೆಯನ್ನೂ ಕೇಳಲಿಲ್ಲ.

ಚನ್ನರಾಯಪಟ್ಟಣಕ್ಕೆ ವರ್ಗವಾದ ಮೇಲೆ ಪುಸ್ತಕವೊಂದರಲ್ಲಿ ಇದೇ ಆಟದ ಲೆಕ್ಕ ಸಿಕ್ಕಿತು. ಅಂಕಿಗಳನ್ನು ಮೇಲಿನಿಂದ ಸಾಲುಸಾಲಾಗಿ ಓದಿ, ದೊಡ್ಡದು ಚಿಕ್ಕದಕ್ಕಿಂತ ಮುಂಚೆ ಬಂದಿರುವ ಜೋಡಿಗಳೆಷ್ಟೆಂದು ಎಣಿಸಿ. ಬಿಲ್ಲೆಯನ್ನು ಅಡ್ಡಲಾಗಿ ಸರಿಸಿದರೆ ಎಣಿಕೆ ಬದಲಾಗದು. ಮೇಲಕ್ಕೋ ಕೆಳಕ್ಕೋ ಸರಿಸಿದರೆ ಅದು ಮೂರು ಅಂಕಿಗಳನ್ನು ದಾಟುತ್ತದೆ. ಎಣಿಕೆ 1 ಅಥವಾ 3ರಷ್ಟು ಹೆಚ್ಚುಕಡಿಮೆಯಾಗಿ, ಸಮವಿದ್ದದ್ದು ಬೆಸವಾಗುತ್ತದೆ, ಬೆಸವಿದ್ದದ್ದು ಸಮ. ಖಾಲಿ ಮನೆ ಕೊನೆಯ ಸಾಲಿನಿಂದ ಹೊರಟು ಅಲ್ಲಿಗೇ ಮರಳಬೇಕಾದರೆ ಇಂಥ ಮೇಲುಕೆಳಗಿನ ಸರಿತಗಳು ಸಮಸಂಖ್ಯೆಯಲ್ಲೇ ಇರಬೇಕಷ್ಟೆ. ಆದ್ದರಿಂದ ಬೆಸ ಬೆಸವಾಗಿಯೇ ಉಳಿಯುತ್ತದೆ. 15, 14 ಎಂಬಲ್ಲಿ ಅಂಥ ಜೋಡಿ ಒಂದು. ಸರಿಯಾದ ಜೋಡಣೆಯಲ್ಲಿ ಸೊನ್ನೆ. ಒಂದರಿಂದ ಇನ್ನೊಂದಕ್ಕೆ ದಾರಿಯೇ ಇಲ್ಲ!

ಅಮೆರಿಕದಲ್ಲಿ ಜಾನ್ಸನ್ ಮತ್ತು ಸ್ಟೋರಿ ಎಂಬಿಬ್ಬರು ಇದನ್ನು 1879ರಲ್ಲೇ ಸಾಧಿಸಿದ್ದರು. ಆಮೇಲೆ ಸ್ಯಾಮ್ ಲಾಯ್ಡ್ ಎಂಬ ಒಗಟುಗಾರ ಈ 15, 14ನ್ನು ಸರಿಪಡಿಸಿದವರಿಗೆ 1000 ಡಾಲರ್ ಬಹುಮಾನ ಸಾರಿದ. ಕೊಡಬೇಕಾಗಿ ಬರದೆಂದು ಅವನಿಗೆ ಗೊತ್ತಿತ್ತು. ಪೆನ್ನು ಸಾರಿದ ನನಗೆ ಗೊತ್ತಿರಲಿಲ್ಲ.

ಮಗಳನ್ನು ಕೇಳಿದೆ. ಜಾತ್ರೆಯಿಂದ ಬಂದ ರಾತ್ರಿಯೇ ಬಿಲ್ಲೆಗಳನ್ನೆಲ್ಲ ಕಿತ್ತು, ಮನಬಂದಂತೆ ಮತ್ತೆ ಒತ್ತಿ ಕೂರಿಸಿದ್ದಳಂತೆ. ಹಾಗೆ ಕೂರಿಸಿದ ಜೋಡಣೆಗಳಲ್ಲಿ ಸರಿಯಾಗಿ ಅರ್ಧದಷ್ಟು ಎಂದಿಗೂ ಬಗೆಹರಿಯವು. ಬೋಧನೋಪಕರಣವನ್ನು ಮೊದಲೇ ಪರೀಕ್ಷಿಸಿಕೊಳ್ಳಬೇಕೆಂದು ಬಿ.ಎಡ್.ನಲ್ಲಿ ಬರೆದದ್ದು ಪಾಠಟಿಪ್ಪಣಿಯಲ್ಲೇ ಉಳಿದಿತ್ತು.

ಅಷ್ಟರಲ್ಲಿ ಹುಡುಗ ಎಸ್ಸೆಸ್ಸೆಲ್ಸಿ ಮುಗಿಸಿ ಹೋಗಿದ್ದ. ಆ ತರಗತಿಯವರು ಯಾರಾದರೂ ಇದನ್ನು ಓದುತ್ತಿದ್ದರೆ ಅವನಿಗೆ ತಿಳಿಸಿ. ಪೆನ್ನು ನನ್ನ ಬಳಿಯೇ ಇದೆ.