ಉತ್ತರಕ್ಕೆ ತಗುಲಿದ ಕಾಲ

ಕೆ.ಜಿ.ಎಫ್. ಗಣಿಗಳು ಇನ್ನೂ ಮುಚ್ಚಿರದ ಕಾಲ. 1998ರ ಸುಮಾರು ಇರಬೇಕು. ನಮ್ಮ ಪ್ರೌಢಶಾಲೆಗೆ ಒಂದೇ ಒಂದು ಕಂಪ್ಯೂಟರ್ ಬಂದಿತ್ತು. ಗಣಿತದ ಮೇಷ್ಟ್ರೆಂಬ ಕಾರಣಕ್ಕೆ ಅದರ ಪಾಠವೂ ನನ್ನ ಹೆಗಲಿಗೇ ಬಿತ್ತು. ನಾವು ಬರೆದ ಪ್ರೋಗ್ರಾಮನ್ನು ಯಂತ್ರದ ಭಾಷೆಗೆ ಪರಿವರ್ತಿಸುವುದು ಕಂಪೈಲರ್, ಅದೂ ಒಂದು ಪ್ರೋಗ್ರಾಮೇ ಎಂದು ಪುಸ್ತಕ ನೋಡಿ ಹೇಳಿದೆ. ಹಿಂದಿನ ಬೆಂಚಿನಿಂದ ಗಣಿ ಕಾರ್ಮಿಕರೊಬ್ಬರ ಮಗ ಎದ್ದು, "ಸಾರ್, ಹಾಗಾದರೆ ಆ ಕಂಪೈಲರನ್ನು ಪರಿವರ್ತಿಸಿದ್ದು ಯಾವುದು?" ಎಂದ. ನನಗೆ ತಿಳಿದಿರಲಿಲ್ಲ. "ಅಧಿಕಪ್ರಸಂಗ ಬೇಡ, ಕೂತ್ಕೋ" ಎಂದು ಗದರಿದೆ. ತರಗತಿ ನಕ್ಕಿತು. ಹುಡುಗ ಆ ವರ್ಷ ಮತ್ತೆ ಪ್ರಶ್ನೆ ಕೇಳಲಿಲ್ಲ.

2001ರ ಫೆಬ್ರವರಿ 28ರಂದು ಗಣಿಗಳು ಮುಚ್ಚಿದವು. ಅನೇಕರಂತೆ ಅವನೂ ಬೆಂಗಳೂರಿನ ರೈಲು ಹತ್ತಿದ. ನಾನು ನಿವೃತ್ತನಾಗಿ ಬಂಗಾರಪೇಟೆಯಲ್ಲಿ ನೆಲೆಸಿದೆ. 2024ರ ಕೊನೆಯಲ್ಲಿ ಅದೇ ಶಿಷ್ಯ, ತಾನು ಬಳಸಿ ಬಿಟ್ಟ ವರ್ಕ್‌ಸ್ಟೇಷನ್ ಒಂದನ್ನು ತಂದು ನನ್ನ ಮೇಜಿನ ಮೇಲಿಟ್ಟು, "ಲಿನಕ್ಸ್ ಇದೆ ಸಾರ್, ಕಲೀರಿ" ಎಂದು ಹೇಳಿ ಹೋದ.

ಅಣ್ಣನ ಮೊಮ್ಮಗಳು ಕಾಲೇಜಿಗಾಗಿ ಬರೆದ ಸಿ++ ಪ್ರೋಗ್ರಾಮನ್ನು ಅದರಲ್ಲಿ ನಡೆಸಲು ಹೊರಟೆ. ಯಂತ್ರದಲ್ಲಿದ್ದುದು ಸೆಂಟ್‌ಓಎಸ್ 7. ಅದರ ಜೊತೆಗೆ ಬಂದ ಜಿಸಿಸಿ 4.8.5, ಅವಳು ಅನುಸರಿಸಿದ್ದ 2017ರ ಸಿ++ ಮಾನಕವನ್ನು ಅರಿಯದು. ಆ ವ್ಯವಸ್ಥೆಯ ಪೋಷಣೆಯೂ ಜೂನ್ 30ಕ್ಕೇ ಮುಗಿದಿತ್ತು. ರಿಚರ್ಡ್ ಸ್ಟಾಲ್‌ಮನ್ 1987ರಲ್ಲಿ ಹೊರತಂದ ಈ ಕಂಪೈಲರಿನ ಮೂಲ ಎಲ್ಲರಿಗೂ ಮುಕ್ತವಲ್ಲವೇ? ಹೊಸ ಆವೃತ್ತಿ 13ರ ಮೂಲವನ್ನು ಇಳಿಸಿಕೊಂಡು ನಾನೇ ಕಟ್ಟುವೆನೆಂದು ಹಠ ಹಿಡಿದೆ.

ಮೊದಲ ದಿನ ಜಿಎಂಪಿ, ಎಂಪಿಎಫ್‌ಆರ್, ಎಂಪಿಸಿ ಎಂಬ ಮೂರು ಗಣಿತದ ಗ್ರಂಥಾಲಯಗಳಿಲ್ಲದೆ ಕೆಲಸ ನಿಂತಿತು. ಎರಡನೆಯ ದಿನ 32 ಬಿಟ್‌ನ ಕಡತಗಳಿಲ್ಲವೆಂದು ಮುಷ್ಕರ ಹೂಡಿತು. 64 ಬಿಟ್ ಮಾತ್ರ ಸಾಕೆಂದು ತಿಳಿಸಿದ ಮೇಲೆ ಮುಂದುವರಿಯಿತು. ಮಧ್ಯಾಹ್ನ ಕರೆಂಟು ಹೋಯಿತು. ಹಳೆಯ ಕಂಪೈಲರಿಗೆ ಧಕ್ಕೆಯಾಗದಂತೆ ಹೊಸದಕ್ಕೆ ಬೇರೆಯೇ ಜಾಗ ಗೊತ್ತುಮಾಡಿದ್ದೆ.

ಕಾಯುತ್ತಾ ಕೈಪಿಡಿ ಓದಿದಾಗ ಒಂದು ವಿಷಯ ಕಣ್ಣಿಗೆ ಬಿತ್ತು. ಕೆಲಸ ಮೂರು ಹಂತಗಳಲ್ಲಿ ಸಾಗುತ್ತದೆ. ಹಳೆಯ ಕಂಪೈಲರ್ ಹೊಸದನ್ನು ಕಟ್ಟುತ್ತದೆ. ಆ ಹೊಸದು ಅದೇ ಮೂಲದಿಂದ ತನ್ನನ್ನೇ ಮತ್ತೆ ಕಟ್ಟಿಕೊಳ್ಳುತ್ತದೆ. ಹಾಗೆ ಹುಟ್ಟಿದ್ದು ಮೂರನೆಯ ಸಲ ಕಟ್ಟುತ್ತದೆ. ಎರಡನೆಯದೂ ಮೂರನೆಯದೂ ತಾಳೆಯಾದರೆ ಮಾತ್ರ ಕೆಲಸ ಸಫಲ. ಪ್ರತಿ ಕಂಪೈಲರಿನ ಹಿಂದೆ ಇನ್ನೊಂದು ಹಳೆಯ ಕಂಪೈಲರ್; ಹೀಗೆ ಹಿಂದೆ ಹಿಂದೆ ಹೋದರೆ, ಮನುಷ್ಯರು ಯಂತ್ರದ ಸಂಕೇತಗಳನ್ನೇ ಕೈಯಾರೆ ಬರೆದ ದಿನಗಳು; 1952ರಲ್ಲಿ ಎ-0 ರಚಿಸಿದ ಗ್ರೇಸ್ ಹಾಪರ್ ಅವರ ಕಾಲ.

ಹುಡುಗನ ಪ್ರಶ್ನೆಗೆ ಇದೇ ಉತ್ತರವಾಗಿತ್ತು. ರಾತ್ರಿ ಎರಡೂ ತಾಳೆಯಾದವು. ಮಗುವಿನ ಪ್ರೋಗ್ರಾಮ್ ನಡೆಯಿತು. ಕೂಡಲೇ ಶಿಷ್ಯನಿಗೆ ಫೋನ್ ಮಾಡಿ, "ಅಂದು ನನಗೆ ಗೊತ್ತಿರಲಿಲ್ಲಪ್ಪ, ಅದಕ್ಕೇ ಗದರಿದೆ" ಎಂದು ಹೇಳಿ, ಮೂರು ಹಂತಗಳನ್ನೂ ವಿವರಿಸಿದೆ. ಹೊಟ್ಟೆಪಾಡಿಗೆ ಅದೇ ಕೆಲಸ ಮಾಡುವವನು, ಮೊದಲ ಸಲ ಕೇಳುವವನಂತೆ ಕೊನೆಯವರೆಗೂ ಕೇಳಿದ. ಆಮೇಲೆ, "ಆ ದಿನ ನಿಮಗೂ ನೆನಪಿದೆಯಾ ಸಾರ್?" ಎಂದ.

ಬಿ.ಎಡ್. ಓದುವಾಗ ಪಾಠಯೋಜನೆ ಬರೆಯುವುದನ್ನು ಕಲಿತೆ. "ಗೊತ್ತಿಲ್ಲ, ನಾಳೆ ನೋಡಿ ಹೇಳುತ್ತೇನೆ" ಎನ್ನುವುದನ್ನು ಕಲಿಯಲು ನಿವೃತ್ತನಾಗಬೇಕಾಯಿತು.