ಚಾರ್ಮಾಡಿ ಘಾಟಿಯಲ್ಲಿ ನಮ್ಮ ಡೀಸೆಲ್ ಅಂಬಾಸಿಡರ್

ಧರ್ಮಸ್ಥಳದಲ್ಲಿ ದರ್ಶನ ಮುಗಿಸಿ, ಉಜಿರೆ ದಾಟಿ, ಚಾರ್ಮಾಡಿ ಘಾಟಿ ಹತ್ತಿ ಬಂದವರು ನಿಮ್ಮಲ್ಲಿ ಎಷ್ಟು ಜನ ಇದ್ದೀರೋ! ಬಸ್ಸಿನಲ್ಲಿ ನಿಂಬೆಹಣ್ಣು ಮೂಸುತ್ತಾ ಕಣ್ಣು ಮುಚ್ಚಿ ಕೂತವರೇ ಹೆಚ್ಚು, ಅಲ್ಲವೇ? ನಾನೂ ಹಾಗೇ ಇದ್ದವಳು. ಈಗ ಅಲ್ಲಿಯ ತಿರುವುಗಳೆಲ್ಲ ನನಗೆ ಗೊತ್ತು. ಕಾರಣ, ನಮ್ಮ ಮನೆಯ ಹಳೇ ಡೀಸೆಲ್ ಅಂಬಾಸಿಡರ್.

ಆ ಕಾರಿನ ತಯಾರಿಕೆ 2014ರಲ್ಲೇ ನಿಂತುಹೋಯಿತು. "ಗುಜರಿಗೆ ಹಾಕಿ" ಅಂದವರು ಬಹಳ ಮಂದಿ. ಆದರೆ ಅದು ನಮ್ಮ ಮಾವನವರು ಕೊಂಡದ್ದು. ಅದರ ರಿಪೇರಿಯನ್ನೆಲ್ಲ ನಮ್ಮವರು ತಾವೇ ಮಾಡಿಕೊಳ್ಳುತ್ತಿದ್ದರು. ಅವರ ಬಲಗೈಗೆ ಲಕ್ವ ಹೊಡೆದ ಮೇಲೆ ಕಾರು ಶೆಡ್ಡು ಸೇರಿತು, ಅವರು ಮೂಲೆ ಹಿಡಿದರು. ಮಾತೂ ಕಮ್ಮಿಯಾಯಿತು. ಒಂದು ದಿನ ನಾನೇ ಕೇಳಿದೆ: "ಬಾನೆಟ್ ನಾನು ಎತ್ತುತ್ತೀನಿ, ಏನು ಮಾಡಬೇಕು ಅಂತ ನೀವು ಹೇಳ್ತೀರಾ?" ಆಗ ಅವರ ಮುಖ ನೋಡಬೇಕಿತ್ತು!

ಕಾರ್ತಿಕದಲ್ಲಿ ಲಕ್ಷದೀಪೋತ್ಸವಕ್ಕೆ ಹೊರಟೆವು. ಡ್ರೈವಿಂಗ್ ನನ್ನದು. ಹಿಂದಿನ ದಿನ ಡೀಸೆಲ್ ಫಿಲ್ಟರ್ ಬದಲಾಯಿಸಿದ್ದೂ ನಾನೇ. ವಾಪಸು ಬರುವಾಗ ಅಣ್ಣಪ್ಪಸ್ವಾಮಿ ಗುಡಿಗೆ ಕೈಮುಗಿದು ಸ್ವಲ್ಪ ಮುಂದೆ ಬಂದಿದ್ದೆವು, ಅಷ್ಟೇ. ಇಂಜಿನ್ ಕೆಮ್ಮಿತು, ಮುಗ್ಗರಿಸಿತು, ನಿಂತೇಬಿಟ್ಟಿತು. ಒಂದು ಕಡೆ ಬಂಡೆ, ಇನ್ನೊಂದು ಕಡೆ ಕಣಿವೆ, ಮೇಲಿಂದ ಮಂಜು. 2019ರ ಆಗಸ್ಟ್ ಮಳೆಗೆ ಗುಡ್ಡ ಕುಸಿದು ಮುಚ್ಚಿಹೋಗಿದ್ದ ರಸ್ತೆ ಇದೇ ಅಲ್ಲವೇ ಅಂತ ನೆನಪಾಗಿ ಎದೆ ಡವಡವ ಅಂತು.

ಮೊದಲು ಹ್ಯಾಂಡ್‌ಬ್ರೇಕ್ ಎಳೆದು, ಗೇರಿನಲ್ಲಿ ಹಾಕಿ, ಹಿಂದಿನ ಚಕ್ರಕ್ಕೆ ಕಲ್ಲು ಕೊಟ್ಟೆ. "ಏರ್ ಎಳೆದಿದೆ. ರಿಂಗ್ ಹೊಸದು ಹಾಕಿದ್ದೀಯಾ?" ಅಂದರು. ಇಲ್ಲ! ಉಳಿತಾಯ ಅಂತ ಹಳೇ ರಬ್ಬರ್ ರಿಂಗನ್ನೇ ಕೂರಿಸಿದ್ದೆ. ಕುಕ್ಕರಿನ ಗ್ಯಾಸ್ಕೆಟ್ ಸಡಿಲವಾದರೆ ಆವಿ ಹೊರಗೆ ಹೋಗುತ್ತೆ; ಇಲ್ಲಿ ಗಾಳಿ ಒಳಗೆ ಬರುತ್ತೆ. ಡೀಸೆಲ್ ಜೊತೆ ಗಾಳಿ ಸೇರಿದರೆ ಇಂಜಿನ್ ಓಡುವುದಿಲ್ಲ.

ಡಿಕ್ಕಿಯಲ್ಲಿದ್ದ ಹೊಸ ರಿಂಗ್ ಹಾಕಿದೆ. ಫಿಲ್ಟರ್ ಮೇಲಿನ ಸಣ್ಣ ಸ್ಕ್ರೂ ಸಡಿಲಿಸಿ, ಪಂಪಿನ ಪುಟ್ಟ ಲಿವರ್ ಒತ್ತುತ್ತಾ ಹೋದೆ. ಮೊದಲು ಸೋಪಿನ ನೊರೆಯಂತೆ ಗುಳ್ಳೆ ಬಂತು. ಗುಳ್ಳೆ ನಿಂತು ಬರೀ ಡೀಸೆಲ್ ಬಂದಾಗ, "ಈಗ ಬಿಗಿ ಮಾಡು" ಅಂದರು. ಎಡಗೈಯಲ್ಲಿ ಟಾರ್ಚ್ ಹಿಡಿದು ನಿಂತಿದ್ದರು. ಅದು ಒಂದಿಷ್ಟೂ ಅಲುಗಲಿಲ್ಲ. ಎರಡು ಮೂರು ಸಲ ಸೆಲ್ಫ್ ಹೊಡೆದ ಮೇಲೆ ಇಂಜಿನ್ ಗುಡುಗಿತು. ಕಲ್ಲನ್ನು ರಸ್ತೆಯಿಂದ ಪಕ್ಕಕ್ಕೆ ಹಾಕಿ ಹೊರಟೆವು. ಕೊಟ್ಟಿಗೆಹಾರದಲ್ಲಿ ಬಿಸಿ ನೀರುದೋಸೆ ತಿನ್ನುತ್ತಾ ಅವರು ಆಡಿದಷ್ಟು ಮಾತು ವರ್ಷದಿಂದ ಆಡಿರಲಿಲ್ಲ.

ನಿಮ್ಮ ಮನೆಯಲ್ಲೂ ಹಳೇ ಡೀಸೆಲ್ ಗಾಡಿ ಇದ್ದರೆ ಇಷ್ಟು ನೆನಪಿಡಿ. ಫಿಲ್ಟರ್ ಬದಲಾಯಿಸಿದಾಗ ರಿಂಗೂ ಹೊಸದೇ ಹಾಕಿ. ಫಿಲ್ಟರಿನ ತಳದಲ್ಲಿ ಸೇರುವ ನೀರನ್ನು ಆಗಾಗ ಬಸಿಯಿರಿ. ಚಳಿಯಲ್ಲಿ ಹೀಟರ್ ಪ್ಲಗ್ ಕಾಯುವ ತನಕ ತಾಳಿ, ಆಮೇಲೆ ಸ್ಟಾರ್ಟ್ ಮಾಡಿ. ಇಂಜಿನ್ ಬಿಸಿಯಿದ್ದಾಗ ರೇಡಿಯೇಟರ್ ಮುಚ್ಚಳ ಮುಟ್ಟಲೇಬೇಡಿ. ಕೈಗೆ ಹತ್ತಿದ ಜಿಡ್ಡಿಗೆ ಕಡಲೆಹಿಟ್ಟು ಇದ್ದೇ ಇದೆ.

ಇನ್ನೊಂದು ಮಾತು. ನಿಮ್ಮ ಯಜಮಾನರಿಗೆ ಏನೋ ಒಂದು ಕೆಲಸ ಚೆನ್ನಾಗಿ ಗೊತ್ತಿರುತ್ತದಲ್ಲ, ಅದನ್ನು ಅವರ ಕೈ ಗಟ್ಟಿಯಿರುವಾಗಲೇ ಕೇಳಿ ಕಲಿತುಕೊಳ್ಳಿ.